ದಿಯಮಾಂತೊ ಚಿಕ್ಕಮ್ಮ ದಾರಿಯಲ್ಲಿ ಇಳಿಸಿದ ಕಲ್ಲುಹುಡುಗಿ

ನಮ್ಮೂರಿನ ಗಂಡಸರಿಗೆ ಕೆಲಸ ಕಮ್ಮಿ, ಇತಿಹಾಸ ಜಾಸ್ತಿ. ಗ್ರೀಸಿನ ಪಾರ್ನೋನಾಸ್ ಬೆಟ್ಟದ ಪಕ್ಕೆಗೆ ಅಂಟಿಕೊಂಡಿರುವ ಕರ್ಯೋರಾಹಿಯಲ್ಲಿ ನಾನು ಮೂವತ್ತು ವರ್ಷದಿಂದ ಕಾಫಿ ಅಂಗಡಿ ನಡೆಸುತ್ತಿದ್ದೇನೆ. ಈ ಮೂವತ್ತು ವರ್ಷದಲ್ಲಿ ನನ್ನ ಮೇಜುಗಳ ಮೇಲೆ ಪರ್ಷಿಯದ ಸೈನ್ಯ ಸಾವಿರ ಸಲವಾದರೂ ಸೋತು ಓಡಿಹೋಗಿದೆ. ಅಂಗಡಿಯ ಮುರಿದ ಕುರ್ಚಿಗೆ ಒಂದು ಮೊಳೆ ಹೊಡೆಯಲು ಮಾತ್ರ ಆ ವೀರರಲ್ಲಿ ಒಬ್ಬರಿಗೂ ಪುರುಸೊತ್ತು ಸಿಕ್ಕಿಲ್ಲ.

ಊರಿನ ದೊಡ್ಡ ಹೆಮ್ಮೆ ಎಂದರೆ ಕರ್ಯಾತಿದಾ. ಅಥೆನ್ಸಿನ ಕೋಟೆಗುಡ್ಡದ ಮೇಲೆ, ಕಂಬ ಇರಬೇಕಾದ ಜಾಗದಲ್ಲಿ ನಿಂತು ತಲೆಯ ಮೇಲೆ ಸೂರು ಹೊತ್ತ ಕಲ್ಲಿನ ಹೆಂಗಸರಿದ್ದಾರಲ್ಲ, ಅವರಿಗೆ ಆ ಹೆಸರು. ಅರ್ಥ ಸರಳ: ಕರ್ಯೆ ಎಂಬ ಊರಿನವಳು. ಕರ್ಯಾ ಎಂದರೆ ನಮ್ಮ ಹಳೆಯ ನುಡಿಯಲ್ಲಿ ಅಕ್ರೋಟಿನ ಮರ. ಆ ಹಳೆಯ ಕರ್ಯೆ ನಮ್ಮದೇ ಊರು ಎನ್ನುವುದು ನಮ್ಮವರ ವಾದ. ನಮ್ಮಲ್ಲಿ ಅಕ್ರೋಟಿನ ಮರಗಳಿವೆ, ಹೆಂಗಸರೂ ಇದ್ದಾರೆ, ಇನ್ನೇನು ಸಾಕ್ಷಿ ಬೇಕು? ಸುತ್ತಲಿನ ಇನ್ನೂ ಮೂರು ಊರುಗಳಲ್ಲಿ ಮರಗಳಿವೆ, ಹೆಂಗಸರಿದ್ದಾರೆ, ಇದೇ ವಾದವೂ ಇದೆ.

ನಾನು ಹೇಳಹೊರಟಿದ್ದು ನನ್ನ ತಾಯಿಯ ತಂಗಿ ದಿಯಮಾಂತೊ ಚಿಕ್ಕಮ್ಮನ ವಿಷಯ. ಅವಳ ಮನೆ ಮೇಲುಕೇರಿಯಲ್ಲಿ. ಚೌಕದ ಚಿಲುಮೆಯಿಂದ ಅಲ್ಲಿಗೆ ಮುನ್ನೂರು ಮೆಟ್ಟಿಲು. ಎರಡು ಕೊಡ ನೀರು ಹಿಡಿಯುವ ಮರದ ಪೀಪಾಯಿಯನ್ನು ಬೆನ್ನಿಗೆ ಹಗ್ಗದಿಂದ ಬಿಗಿದುಕೊಂಡು, ಆ ಮೆಟ್ಟಿಲುಗಳನ್ನು ಮೇಲುಕೇರಿಯ ಹೆಂಗಸರು ಆಗ ದಿನಕ್ಕೆ ನಾಲ್ಕೈದು ಸಲ ಹತ್ತುತ್ತಿದ್ದರು. ಗಂಡಸರು ಹೊರುವ ಪದ್ಧತಿ ಇರಲಿಲ್ಲ. ಯಾಕೆ ಇಲ್ಲ ಎಂದು ಕೇಳುವ ಪದ್ಧತಿಯೂ ಇರಲಿಲ್ಲ. ಕತ್ತೆ ಇದ್ದವರು ಕೂಡ ಕತ್ತೆಯ ಮೇಲೆ ತಾವು ಕೂತು, ನೀರನ್ನು ಹೆಂಡತಿಯ ಬೆನ್ನಿಗೆ ಬಿಡುತ್ತಿದ್ದರು. ಕತ್ತೆಗೆ ಎರಡೂ ಭಾರವಾದೀತೆಂದು ಅವರಿಗೆ ಕನಿಕರ.

ಚಿಕ್ಕಮ್ಮನಿಗೆ ಆಗ ಅರವತ್ಮೂರು. ಗಂಡ ತೀರಿಹೋಗಿದ್ದ. ಒಬ್ಬನೇ ಮಗ ಲಿಂಬೇರಿಸ್ ಕುರಿಮಂದೆ ಹೊಡೆದುಕೊಂಡು ವರ್ಷದ ಅರ್ಧ ಭಾಗ ಕಡಲತಡಿಯ ಹುಲ್ಲುಗಾವಲಿನಲ್ಲಿ ಇರುತ್ತಿದ್ದ. ಮನೆಯಲ್ಲಿ ಅವಳೂ ಸೊಸೆ ಅಸಿಮಿನಾಳೂ. ಸಾವಿರದ ಒಂಬೈನೂರ ಐವತ್ತೆಂಟರ ಜನವರಿಯಲ್ಲಿ ಏಳು ತಿಂಗಳ ಬಸುರಿ ಅಸಿಮಿನಾ ಪೀಪಾಯಿ ಹೊತ್ತು ಹತ್ತುವಾಗ ಹಿಮಗಟ್ಟಿದ ಮೆಟ್ಟಿಲಿನ ಮೇಲೆ ಜಾರಿ ಬಿದ್ದಳು. ಮಗು ಉಳಿಯಲಿಲ್ಲ. ಬೇಸಿಗೆಗೆ ಅವಳು ಮತ್ತೆ ಬಸುರಾದಾಗ ಚಿಕ್ಕಮ್ಮ ಹಗ್ಗವನ್ನು ತನ್ನ ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡಳು. "ಈ ಸಲ ನೀನು ಒಂದು ಚೊಂಬೂ ಎತ್ತಬೇಡ" ಎಂದಳು. ಅಂದಿನಿಂದ ಇಬ್ಬರ ನೀರು, ಎರಡು ಮೇಕೆಯ ನೀರು, ಬಟ್ಟೆಯ ನೀರು, ಎಲ್ಲ ಅವಳ ಬೆನ್ನ ಮೇಲೆ ಬಂತು.

ಅದೇ ಬೇಸಿಗೆಯಲ್ಲಿ ಸಾರಾಂತೋಸ್‌ನ ಕಾಗದ ಬಂತು. ಅವನು ಮೇಲುಕೇರಿಯಲ್ಲೇ ಹುಟ್ಟಿ, ಹನ್ನೆರಡನೆಯ ವಯಸ್ಸಿಗೆ ಪಿರೇಯಸ್ ಬಂದರಿಗೆ ಹೋಗಿ, ಹಡಗಿನ ಸಾಮಾನು ಮಾರಿ ದೊಡ್ಡ ಕುಳವಾದವನು. "ಊರಿಗೆ ಒಂದು ಒಳ್ಳೆಯ ಕೆಲಸ ಮಾಡಿಸಿಕೊಡುತ್ತೇನೆ, ಏನು ಬೇಕೆಂದು ನೀವೇ ಬರೆಯಿರಿ" ಎಂದಿದ್ದ. ಪಂಚಾಯಿತಿ ನನ್ನ ಅಂಗಡಿಯಲ್ಲೇ ಕೂತಿತು. ಚಿಕ್ಕಮ್ಮ ಸುದ್ದಿ ತಿಳಿದು ಬಾಗಿಲಿಗೆ ಬಂದಳು.

"ಅಧ್ಯಕ್ಷರೇ, ಮೇಲುಕೇರಿಗಿಂತ ಎತ್ತರದಲ್ಲಿ ಇನ್ನೊಂದು ಚಿಲುಮೆ ಐತಲ್ಲ. ಅಲ್ಲಿಂದ ಒಂದು ಪೈಪು ಎಳೆಸಿ. ನೀರು ತಾನಾಗೇ ಇಳ್ಕೊಂಡ್ ಬರುತ್ತೆ. ನನ್ನ ಸೊಸೆಗೆ ದಿನ ತುಂಬೋದ್ರೊಳಗೆ ಆದ್ರೆ ನಿಮ್ಮ ಹೆಸರು ಹೇಳ್ಕೊಂಡು ದೀಪ ಹಚ್ತೀನಿ."

ಅಧ್ಯಕ್ಷ ಥ್ರಾಸಿವುಲೋಸ್ ನಮ್ಮ ಗಂಡಸರು ಹೊತ್ತು ಕಳೆಯಲು ಕೈಯಲ್ಲಿ ಹಿಡಿಯುವ ಮಣಿಸರ ತಿರುಗಿಸುತ್ತಾ ಹೇಳಿದ: "ಪೈಪು ಮಣ್ಣೊಳಗೆ ಹೋಗುತ್ತೆ ಕಣಮ್ಮ. ಯಾರಿಗೆ ಕಾಣ್ಸುತ್ತೆ? ಪಕ್ಕದೂರಿನ ವೆರ್ವಿತ್ಸದೋರು ಚೌಕದಲ್ಲಿ ಕ್ರಾಂತಿವೀರನ ತಲೆ ನಿಲ್ಸಿದಾರೆ. ಬರೀ ತಲೆ! ನಾವು ನಿಲ್ಸೋದಾದ್ರೆ ಪೂರ್ತಿ ಆಳು ನಿಲ್ಲಿಸ್ಬೇಕು. ಕರ್ಯಾತಿದಾ!"

"ಅವಳು ನೀರು ತರ್ತಾಳಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ನಮ್ಮ ಪಂಚಾಯಿತಿಯನ್ನು ನೋಡಿಯೇ ಹುಟ್ಟಿದ್ದಿರಬೇಕು. ಆದರೆ ಅಲ್ಲಿ ಕೂತಿದ್ದವರೆಲ್ಲ ನನ್ನ ಗಿರಾಕಿಗಳು. ಗಿರಾಕಿ ನಕ್ಕಾಗ ಕಾಫಿಯವನು ಅಳಲಿಕ್ಕಾಗದು.

ಅಧ್ಯಕ್ಷ ಸಾರಾಂತೋಸ್‌ಗೆ ಕಾಗದ ಬರೆದ, ಅಮೃತಶಿಲೆಯ ಕರ್ಯಾತಿದಾ ಕಡೆದುಕೊಡಲು ಅಥೆನ್ಸಿನ ಶಿಲ್ಪಿಯೊಬ್ಬನಿಗೆ ಹೇಳಿದ್ದಾಯಿತು. ಸೆಪ್ಟೆಂಬರಿನಲ್ಲಿ ಅವನಿಂದ ಒಂದು ಪ್ರಶ್ನೆ ಬಂತು: ಪೀಠದ ಮೇಲೆ ಏನು ಕೆತ್ತಬೇಕು? ಇವಳು ಯಾರು, ಯಾಕೆ ಸೂರು ಹೊತ್ತಳು, ನಾಲ್ಕು ಸಾಲು ಬರೆದು ಕಳಿಸಿ. ಇಷ್ಟು ವರ್ಷ ಕರ್ಯಾತಿದಾ ಕರ್ಯಾತಿದಾ ಎಂದು ಎದೆ ತಟ್ಟಿಕೊಂಡವರಿಗೆ ಆಗ ಹೊಳೆದದ್ದು, ಅವಳ ಕಥೆ ತಮಗೆ ಗೊತ್ತೇ ಇಲ್ಲ ಅಂತ. ಶಾಲೆಯ ಮೇಷ್ಟ್ರು ಪೊಲಿವಿಯೋಸ್ ಪುಸ್ತಕ ಹುಡುಕಿ ಓದಿಕೊಂಡು ಬಂದರು. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ನನ್ನ ಅಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಒಬ್ಬ ರೋಮಿನ ಕಟ್ಟಡದವನು ಬರೆದಿಟ್ಟಿದ್ದಾನೆ. ಪರ್ಷಿಯದೋರು ದಂಡೆತ್ತಿ ಬಂದಾಗ ಕರ್ಯೆ ಊರಿನೋರು..." ಇಲ್ಲಿ ಅವರು ನೀರು ಕುಡಿದರು. "ಕರ್ಯೆ ಊರಿನೋರು ಪರ್ಷಿಯದ ಕಡೆ ಸೇರ್ಕೊಂಡ್ರಂತೆ."

ಮಣಿಸರಗಳ ಸದ್ದು ನಿಂತಿತು.

"ಗೆದ್ದ ಮೇಲೆ ಮಿಕ್ಕ ಗ್ರೀಕರು ಬಂದು ಊರಿನ ಗಂಡಸರನ್ನೆಲ್ಲ ಕೊಂದು, ಹೆಂಗಸರನ್ನ ದಾಸಿಯರನ್ನಾಗಿ ಮಾಡ್ಕೊಂಡ್ರಂತೆ. ಒಡವೆ ವಸ್ತ್ರ ಕಳಚೋಕೂ ಬಿಡ್ಲಿಲ್ಲ. ದೊಡ್ಡ ಮನೆ ಹೆಂಗಸರು ದಾಸಿಯರಾಗಿದಾರೆ ಅಂತ ಎಲ್ಲರಿಗೂ ಕಾಣ್ಲಿ ಅಂತ. ಆ ಅವಮಾನ ಮುಂದಿನೋರಿಗೂ ನೆನಪಿರ್ಲಿ ಅಂತ, ಕಟ್ಟಡದೋರು ಅವರನ್ನ ಕಲ್ಲಲ್ಲಿ ಕಡೆದು ತಲೆ ಮೇಲೆ ಭಾರ ಹೊರಿಸಿದ್ರಂತೆ."

ಗಲಾಟೆ ಎದ್ದಿತು. ಹಾಗಾದರೆ ನಾವು ದ್ರೋಹಿಗಳ ಮಕ್ಕಳೇ ಎಂದು ಕಟುಕ ಎದ್ದು ನಿಂತ. ಗಂಡಸರನ್ನೆಲ್ಲ ಕೊಂದಿದ್ದರೆ ನಾವು ಹುಟ್ಟಿದ್ದು ಹೇಗೆ ಎಂದು ಇನ್ನೊಬ್ಬ ಕೇಳಿದ. ಅದು ನಿಜಕ್ಕೂ ಒಳ್ಳೆಯ ಪ್ರಶ್ನೆಯಾಗಿತ್ತು. ಅಧ್ಯಕ್ಷ ಮೇಜು ಕುಟ್ಟಿದ: "ಮೇಷ್ಟ್ರೇ, ಬೇರೆ ಅರ್ಥ ಇಲ್ವಾ? ಇಷ್ಟು ದೊಡ್ಡ ಪುಸ್ತಕದಲ್ಲಿ ಒಂದೇ ಅರ್ಥಾನಾ?"

"ಇದೆ, ಇದೆ. ಕರ್ಯೆಯಲ್ಲಿ ಅಕ್ರೋಟಿನ ದೇವತೆ ಆರ್ಟೆಮಿಸ್ ಗುಡಿ ಇತ್ತು. ಅಲ್ಲಿ ಹುಡುಗೀರು ತಲೆ ಮೇಲೆ ಬುಟ್ಟಿ ಇಟ್ಕೊಂಡು ಕುಣೀತಿದ್ರು, ಅವರೇ ಇವರು ಅಂತ ಕೆಲವರು ಹೇಳ್ತಾರೆ."

"ನೋಡಿ! ಕುಣಿತ!"

"ಆದ್ರೆ..." ಎಂದರು ಮೇಷ್ಟ್ರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. "ಅಥೆನ್ಸಿನಲ್ಲಿ ಅವನ್ನ ಕಡೆದು ನಿಲ್ಸಿದೋರು ಆ ಕಾಲದಲ್ಲೇ ಕಲ್ಲಿನ ಮೇಲೆ ಬರೆಸಿದ ಲೆಕ್ಕದಲ್ಲಿ ಕರ್ಯಾತಿದಾ ಅನ್ನೋ ಮಾತೇ ಇಲ್ಲ. ಬರೀ 'ಹುಡುಗೀರು' ಅಂತಿದೆ. ಈ ಹೆಸರು ಆಮೇಲಿನೋರು ಇಟ್ಟಿದ್ದು."

ಮೂರನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಸರಿಲ್ಲದ ಹುಡುಗಿಯರಿಂದ ಊರಿಗೆ ಏನು ಲಾಭ? ದ್ರೋಹವೋ ಕುಣಿತವೋ ಎಂದು ಅಧ್ಯಕ್ಷ ಮತಕ್ಕೆ ಹಾಕಿದ. ಎರಡೂವರೆ ಸಾವಿರ ವರ್ಷದ ಹಿಂದೆ ಏನು ನಡೆದಿತ್ತು ಎಂಬುದನ್ನು ಕೈ ಎತ್ತಿ ತೀರ್ಮಾನಿಸಿದ ಊರು ನಮ್ಮದೊಂದೇ ಇರಬೇಕು.

ಇಷ್ಟು ಹೊತ್ತೂ ದಿಯಮಾಂತೊ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ತುಂಬಿದ ಪೀಪಾಯಿ ಬೆನ್ನಿಗಿತ್ತು. ಅದನ್ನು ಒಬ್ಬರೇ ಇಳಿಸಲಿಕ್ಕಾಗುವುದಿಲ್ಲ, ಹಿಂದಿನಿಂದ ಯಾರಾದರೂ ಹಿಡಿಯಬೇಕು. ಮುಕ್ಕಾಲು ಗಂಟೆಯಲ್ಲಿ ಒಬ್ಬರೂ ಏಳಲಿಲ್ಲ. ನಾನು ಕಾಫಿ ಕುದಿಸುತ್ತಿದ್ದೆ. ಏಳಬಹುದಾಗಿತ್ತು, ಏಳಲಿಲ್ಲ. ಈಗ ಬರೆಯುವಾಗಲೂ ಅದು ನನ್ನನ್ನು ಚುಚ್ಚುತ್ತದೆ.

"ಮೇಷ್ಟ್ರೇ," ಎಂದಳು ಅವಳು, "ಆ ಕಲ್ಲು ಹುಡುಗಿ ತಲೆ ಮೇಲಿನ ಭಾರ ಯಾವಾಗ ಇಳಿಸ್ತಾಳೆ?"

"ಇಳಿಸೋ ಹಾಗಿಲ್ಲ ದಿಯಮಾಂತೊ. ಇಳಿಸಿದ್ರೆ ಸೂರು ಬೀಳುತ್ತೆ."

"ಹಂಗಾದ್ರೆ ಕುಣಿಯೋದು ಯಾವಾಗ?"

ಮೇಷ್ಟ್ರು ಪುಸ್ತಕ ನೋಡಿಕೊಂಡರು. ಅಧ್ಯಕ್ಷ ಹೇಳಿದ: "ಮೀಟಿಂಗ್ ನಡೀತಾ ಇದೆ ಕಣಮ್ಮ. ನಡುವೆ ಬಾಯಿ ಹಾಕಬೇಡ."

"ನಡೀಲಿ. ನಂದೂ ಒಂದು ಕೈ ಬರ್ಕೊಳಿ, ದಾಸಿ ಅನ್ನೋ ಕಡೆಗೆ. ಎತ್ತೋಕೆ ಆಗಲ್ಲ, ಹಗ್ಗ ಹಿಡ್ಕೊಂಡಿದೀನಿ."

ಅವಳ ಮತ ಬರೆದುಕೊಳ್ಳಲಿಲ್ಲ. ಕುಣಿತ ಹತ್ತೊಂಬತ್ತಕ್ಕೆ ಎರಡರಂತೆ ಗೆದ್ದಿತು. "ಇಲ್ಲಿ ಸಂತೋಷದಿಂದ ಕುಣಿದ ಕರ್ಯೆಯ ಕನ್ಯೆಯರ ನೆನಪಿಗೆ" ಎಂದು ಬರೆದು ಕಳಿಸಿದರು.

ಅನಾವರಣಕ್ಕೆ ಅಕ್ಟೋಬರ್ ಇಪ್ಪತ್ತೆಂಟು ಗೊತ್ತಾಯಿತು. ಮಹಾಯುದ್ಧದಲ್ಲಿ ನಮ್ಮ ಸೈನ್ಯ ಒಳಗೆ ಬಿಡಿ ಎಂದು ಕೇಳಿದ ಇಟಲಿಯವನಿಗೆ ನಾವು 'ಆಗಲ್ಲ' ಎಂದ ರಾಷ್ಟ್ರೀಯ ದಿನ ಅದು. ಸಾರಾಂತೋಸ್ ಖುದ್ದು ಬರುವವನಿದ್ದ. ಹಿಂದಿನ ದಿನ ಲಾರಿ ಬಂದು ಕೆಳಗಿನ ಸೇತುವೆಯ ಹತ್ತಿರ ನಿಂತಿತು, ಯಾಕೆಂದರೆ ರಸ್ತೆ ಇರುವುದು ಅಲ್ಲಿಯವರೆಗೆ ಮಾತ್ರ. ಅಲ್ಲಿಂದ ಚೌಕಕ್ಕೆ ಕಡಿದಾದ ಕಾಲುದಾರಿ. ಸಾವಿರಾರು ವರ್ಷದ ಹಿಂದಿನದನ್ನು ಅಷ್ಟು ಚೆನ್ನಾಗಿ ಯೋಚಿಸಿದ ನಮ್ಮವರು ಇದೊಂದನ್ನು ಯೋಚಿಸಿರಲಿಲ್ಲ. ಶಿಲ್ಪಿ ಪುಣ್ಯಾತ್ಮ, ವಿಗ್ರಹವನ್ನು ಮೂರು ತುಂಡಾಗಿ ಮಾಡಿ ಕಳಿಸಿದ್ದ, ಮೇಲೆ ತಂದು ಜೋಡಿಸಿಕೊಳ್ಳಿ ಅಂತ. ಆದರೂ ಒಂದೊಂದು ತುಂಡೂ ಒಂದು ಎತ್ತಿನ ಭಾರ. ಹೇಸರಗತ್ತೆಯ ಬೆನ್ನಿಗಾದರೆ ಎರಡು ಪಕ್ಕದ ತೂಕ ಸಮ ಇರಬೇಕು. ಟೊಂಕದ ಮೇಲಿನ ಭಾಗವನ್ನು ಟೊಂಕದ ಕೆಳಗಿನ ಭಾಗಕ್ಕೆ ಸಮ ತೂಗುವುದು ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ.

ಅಧ್ಯಕ್ಷ ಮೇಲುಕೇರಿಗೆ ಹೋದ. ಅಧ್ಯಕ್ಷನಾದ ಆರು ವರ್ಷದಲ್ಲಿ ಆ ಮೆಟ್ಟಿಲುಗಳನ್ನು ಅವನು ಹತ್ತಿದ್ದು ಅದೇ ಮೊದಲು. ಏದುಸಿರು ಬಿಡುತ್ತಲೇ ಭಾಷಣ ಮಾಡಿದ: "ತಾಯಂದಿರೇ! ಯುದ್ಧದಲ್ಲಿ ಪಿಂದೋಸ್ ಬೆಟ್ಟದ ಹೆಂಗಸರು ಹಿಮದಲ್ಲಿ ಮದ್ದುಗುಂಡು ಹೊತ್ತರು! ನೀವೇನು ಕಡಿಮೆ?"

"ನಾವು ಯಾವತ್ತೂ ಕಡಿಮೆ ಹೊತ್ತಿಲ್ಲ ಅಧ್ಯಕ್ಷರೇ," ಎಂದಳು ಚಿಕ್ಕಮ್ಮ. "ನಾಳೆ ಬೆಳಿಗ್ಗೆ ಇಳೀತೀವಿ ಬಿಡಿ." ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವನಿಗೆ ಅನುಮಾನ ಬರಬೇಕಾಗಿತ್ತು. ಹೆಂಗಸರು ಒಪ್ಪುವುದೇ ಅಭ್ಯಾಸವಾಗಿದ್ದವನಿಗೆ ಅನುಮಾನ ಎಲ್ಲಿಂದ ಬರಬೇಕು?

ಬೆಳಿಗ್ಗೆ ಇಪ್ಪತ್ನಾಲ್ಕು ಹೆಂಗಸರು ಇಳಿದರು. ತುಂಡಿಗೆ ಎಂಟು ಜನ. ಮರದ ಗಳ ಕಟ್ಟಿ, ಹಗ್ಗ ಬಿಗಿದು, ಮೂರು ತುಂಡುಗಳನ್ನೂ ಎತ್ತಿದರು. ಮುಂದೆ ಕ್ಲಾರಿನೆಟ್ಟು, ಡೋಲು. ಅವರ ಹಿಂದೆ ಸೂಟು ಹಾಕಿದ ಅಧ್ಯಕ್ಷ, ಪಂಚಾಯಿತಿಯವರು, ನಾನು. ನಮ್ಮ ಹಿಂದೆ ಕಲ್ಲು. ಕಲ್ಲಿನ ಹಿಂದೆ ಹೊಳೆಯುವ ಬೂಟಿನ ಎಪ್ಪತ್ತರ ಮುದುಕ ಸಾರಾಂತೋಸ್. ಕುಣಿಯುವ ಕನ್ಯೆಯ ಮೆರವಣಿಗೆ ಹಾಗೆ ಹೊರಟಿತು.

ಅರ್ಧ ದಾರಿಯಲ್ಲಿ ಒಂದು ತಿರುವಿದೆ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕಮರಿ. ಅಲ್ಲಿ ಚಿಕ್ಕಮ್ಮ "ಇಳಿಸ್ರೇ" ಎಂದಳು. ಮೂರು ತುಂಡುಗಳನ್ನೂ ಒಂದರ ಹಿಂದೊಂದರಂತೆ ದಾರಿಗೆ ಅಡ್ಡಲಾಗಿ ಇಳಿಸಿದರು. ಕೆಲವರು ಕಲ್ಲಿನ ಮೇಲೆಯೇ ಕೂತರು. ಒಬ್ಬಳು ಕಾಲುಚೀಲ ಹೆಣೆಯುವ ಸೂಜಿ ಹೊರತೆಗೆದಳು. ಆಗ ನಮಗೆ ಗೊತ್ತಾಯಿತು, ಇದು ದಣಿವಾರಿಸಿಕೊಳ್ಳುವುದಲ್ಲ ಅಂತ.

"ಏನಿದು?" ಎಂದು ಅಧ್ಯಕ್ಷ ತಿರುಗಿ ಬಂದ. "ಏಳಿ ಏಳಿ! ವೆರ್ವಿತ್ಸದೋರು ಬಂದು ಚೌಕದಲ್ಲಿ ಕಾಯ್ತಿದಾರೆ. ಮಾನ ಹೋಗುತ್ತೆ!"

"ನಿಮ್ಮ ಮಾನ ನೀವೇ ಹೊತ್ಕೊಳಿ," ಎಂದಳು ಹೆಣೆಯುತ್ತಿದ್ದವಳು.

ನಾವೇ ಎತ್ತುತ್ತೇವೆ ಎಂದು ಗಂಡಸರು ಕೋಟು ಬಿಚ್ಚಿದರು. ಟೊಂಕದ ತುಂಡಿಗೆ ಹತ್ತು ಜನ ಕೈ ಹಾಕಿದೆವು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕಟುಕ ಬಂಡೆಯ ಕಡೆಗೆ ಎಳೆದ, ಅಧ್ಯಕ್ಷ ಕಮರಿಯ ಕಡೆಗೆ. ಆರು ಹೆಜ್ಜೆ ಹೋಗುವಷ್ಟರಲ್ಲಿ ಮೇಷ್ಟ್ರ ಬೆರಳು ಜಜ್ಜಿತು, ನನ್ನ ಸೊಂಟ ಹಿಡಿಯಿತು. ಹೆಂಗಸರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಕಲ್ಲಿನ ಆಚೆ ಸಿಕ್ಕಿಬಿದ್ದಿದ್ದ ಸಾರಾಂತೋಸ್ ಕೋಲೂರಿಕೊಂಡು ಹತ್ತಿರ ಬಂದ. "ಏನಮ್ಮ ದಿಯಮಾಂತೊ, ಯಾಕೆ ನಿಲ್ಸಿದ್ರಿ?"

"ಸಾರಾಂತೊ, ನಿಮ್ಮಮ್ಮ ಈ ಊರಲ್ಲಿ ನೀರು ಹೊರ್ತಿದ್ದಿದ್ದು ನಿಂಗೆ ನೆನಪೈತಾ?"

ಅವನು ಕೋಲನ್ನು ಬಂಡೆಗೆ ಒರಗಿಸಿದ. "ಹಿಂದೆ ಹಿಂದೆ ನಡ್ಕೊಂಡ್ ಬರ್ತಿದ್ದೆ," ಎಂದ. "ಬೆನ್ನು ನೆನಪಿದೆ. ಪೀಪಾಯಿ ನೆನಪಿದೆ. ಮುಖ ಮಾತ್ರ ಎಷ್ಟು ಯೋಚ್ನೆ ಮಾಡಿದ್ರೂ ನೆನಪಿಗೆ ಬರಲ್ಲ."

"ಈಗ್ಲೂ ಅದೇ ಪೀಪಾಯಿನೇ. ನನ್ನ ಸೊಸೆ ಒಂದು ಮಗೂನ ಆ ಮೆಟ್ಲ ಮೇಲೆ ಕಳ್ಕೊಂಡ್ಳು. ಈಗ ಇನ್ನೊಂದು ಐತೆ ಹೊಟ್ಟೇಲಿ. ಪೈಪು ಹಾಕ್ಸಿ ಅಂತ ಕೇಳ್ದೆ, ಇವ್ಳನ್ನ ಕಳಿಸಿದ್ರಿ."

"ಪೈಪಾ?" ಸಾರಾಂತೋಸ್ ಅಧ್ಯಕ್ಷನ ಕಡೆ ತಿರುಗಿದ. "ನಂಗೆ ಯಾರೂ ಬರೀಲಿಲ್ವಲ್ಲಯ್ಯಾ. 'ಊರಿನ ಹೆಂಗಸರೆಲ್ಲ ವಿಗ್ರಹ ಬೇಕು ಅಂತ ಕೈ ಮುಗಿದು ಕೇಳ್ತಿದಾರೆ' ಅಂತ ಬರೆದಿದ್ಯಲ್ಲ."

ಇಪ್ಪತ್ನಾಲ್ಕು ಹೆಂಗಸರೂ ಅಧ್ಯಕ್ಷನನ್ನೇ ನೋಡಿದರು. ಥ್ರಾಸಿವುಲೋಸ್ ಡೋಲಿನವನನ್ನು ನೋಡಿದ. ಡೋಲಿನವನು, ಇದು ಏನೋ ಸನ್ನೆ ಎಂದುಕೊಂಡು ಎರಡು ಪೆಟ್ಟು ಬಾರಿಸಿದ.

"ಪೈಪು ಬರುತ್ತೆ," ಎಂದ ಸಾರಾಂತೋಸ್. "ನಾನು ಮಾತು ಕೊಡ್ತೀನಿ. ಈಗ ಎತ್ತಿ."

"ಮಾತು ಬೇಡ ಸಾರಾಂತೊ, ನೀರು ಬರ್ಲಿ. ನೀರು ಬಂದ ದಿನ ಎತ್ತುತೀವಿ. ಇದು ನಾವು ಕೊಡೋ ಮಾತು." ಹಗ್ಗ ಸುತ್ತಿಕೊಂಡು ಹೆಂಗಸರು ಹೊರಟುಹೋದರು. ಚೌಕದಲ್ಲಿ ವೆರ್ವಿತ್ಸದವರು ಊರಲ್ಲೇ ಕಟ್ಟಿ, ಶಿಲ್ಪಿ ಮೊದಲೇ ಕಳಿಸಿದ್ದ ಬರಹದ ಫಲಕ ಕೂರಿಸಿದ್ದ ಬರಿಯ ಪೀಠ ನೋಡಿ, 'ಕುಣಿದ ಕನ್ಯೆಯರು' ಎಂದು ಓದಿ, "ಎಲ್ಲಿಗೆ ಕುಣ್ಕೊಂಡು ಹೋದ್ಲು?" ಎಂದು ಕೇಳಿದರು. ಅವರಿಗೆ ಕೊಟ್ಟ ಕಾಫಿಗೆ ನಾನು ಬೇಕೆಂದೇ ಸಕ್ಕರೆ ಹಾಕಲಿಲ್ಲ.

ಪೈಪು ಬಂತು, ಆದರೆ ಆಮೆಯ ವೇಗದಲ್ಲಿ. ಕೊಳವೆಗಳು ಡಿಸೆಂಬರಿನಲ್ಲಿ ಬಂದವು, ಅಷ್ಟರಲ್ಲಿ ನೆಲ ಹೆಪ್ಪುಗಟ್ಟಿತ್ತು. ಅಗೆಯಲು ಮಾರ್ಚಿನವರೆಗೆ ಕಾಯಬೇಕಾಯಿತು. ಕಲ್ಲುಹುಡುಗಿ ಚಳಿಗಾಲವಿಡೀ, ಹೋಗಿಬರುವವರಿಗೆ ಜಾಗ ಬಿಟ್ಟು, ದಾರಿಯಂಚಿನಲ್ಲಿ ಮೂರು ತುಂಡಾಗಿ ಹಿಮ ಹೊದ್ದು ಮಲಗಿದ್ದಳು. ದಿಯಮಾಂತೊ ಚಿಕ್ಕಮ್ಮನಿಗೆ ಮಾತ್ರ ಮಲಗುವ ಯೋಗವಿರಲಿಲ್ಲ. ಹಿಮದ ಮೆಟ್ಟಿಲುಗಳ ಮೇಲೆ ಜಾರದಂತೆ ಕಾಲುಚೀಲವನ್ನು ಬೂಟಿನ ಹೊರಗಡೆ ತೊಟ್ಟು, ಒಂದೊಂದೇ ಹೆಜ್ಜೆ ಊರಿ ಹತ್ತಿದಳು. ಅಸಿಮಿನಾ ಅಳುತ್ತಾ ಹಗ್ಗ ಕೇಳಿದರೂ ಕೊಡಲಿಲ್ಲ. ಫೆಬ್ರವರಿಯ ಕೊನೆಯ ವಾರ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ, ಇಡೀ ಕೇರಿಗೆ ಕೇಳುವಂತೆ ಅಳುತ್ತಾ. ಅಷ್ಟು ಹೊತ್ತಿಗೆ ಚಿಕ್ಕಮ್ಮನ ಬೆನ್ನು ಬಾಗಿಹೋಗಿತ್ತು. ಪೀಪಾಯಿ ಇಳಿಸಿದ ಮೇಲೂ ಅದು ನೆಟ್ಟಗಾಗುತ್ತಿರಲಿಲ್ಲ. ನನಗೆ ಅವಳನ್ನು ನೋಡಿದರೆ ದುಃಖವಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಮುಖ್ಯವಾಗಿ ನನ್ನ ಮೇಲೆ.

ಏಪ್ರಿಲ್ ಮೊದಲ ವಾರ ಮೇಲುಕೇರಿಯ ನಲ್ಲಿಯಲ್ಲಿ ನೀರು ಬಂತು. ಅದೇ ದಿನ ಹೆಂಗಸರು ಹೋಗಿ ಮೂರು ತುಂಡುಗಳನ್ನೂ ಹೊತ್ತು ತಂದು ಚೌಕದಲ್ಲಿ ಇಳಿಸಿ, ಒಂದು ಲೋಟ ನೀರೂ ಕೇಳದೆ ಹೋದರು. ಗಂಡಸರು ಅವುಗಳನ್ನು ಜೋಡಿಸಿ ನಿಲ್ಲಿಸಿದರು. ಸ್ವಲ್ಪ ಓರೆಯಾಗಿದೆ. ಕುಣಿಯುವವಳು ಹಾಗೇ ಇರುತ್ತಾಳೆ ಎಂದು ಅಧ್ಯಕ್ಷ ಬಂದವರಿಗೆಲ್ಲ ವಿವರಿಸುತ್ತಾನೆ.

ಮೇ ತಿಂಗಳಲ್ಲಿ ಮಗುವಿನ ದೀಕ್ಷಾಸ್ನಾನ. ನಮ್ಮಲ್ಲಿ ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡಬೇಕು, ಅದನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಬೇರೆ ಹೆಸರಿಟ್ಟರೆ ಸೊಸೆ ಅತ್ತೆಯ ಮುಖಕ್ಕೆ ಉಗಿದ ಹಾಗೆ. ಪಾದ್ರಿ ಹೆಸರು ಕೇಳಿದಾಗ ಮಗುವನ್ನು ಎತ್ತಿಕೊಂಡಿದ್ದ ಧರ್ಮಮಾತೆ "ಲೆಮೊನ್ಯಾ" ಎಂದಳು, ಅಂದರೆ ನಿಂಬೆಯ ಗಿಡ. ಎಲ್ಲರ ಬೆರಳೂ ಮೂಗಿನ ಮೇಲೆ ಹೋಯಿತು. ಎಲ್ಲರ ಕಣ್ಣೂ ಅಸಿಮಿನಾಳ ಮೇಲೆ ಬಿತ್ತು. ಲಿಂಬೇರಿಸ್ ತಲೆ ತಗ್ಗಿಸಿದ.

ಊಟಕ್ಕೆ ಮೇಲುಕೇರಿಯ ಅಂಗಳದಲ್ಲಿ ಕೂತಾಗ ಅಧ್ಯಕ್ಷ ಸುಮ್ಮನಿರಲಿಲ್ಲ. "ಏನಮ್ಮ ಅಸಿಮಿನಾ, ಅತ್ತೆ ಹೆಸರು ಅಷ್ಟು ಕಹಿಯಾಯ್ತಾ?"

"ಅವಳನ್ನ ಯಾಕೆ ಕೇಳ್ತೀರಾ? ಬೇಡ ಅಂದೋಳು ನಾನು," ಎಂದಳು ಚಿಕ್ಕಮ್ಮ. ಅವಳು ಬಾಗಿದ ಬೆನ್ನಿನಲ್ಲೇ ರೊಟ್ಟಿ ಹಂಚುತ್ತಿದ್ದಳು.

"ನೀನಾ? ಹಂಗಾದ್ರೆ ನಿನ್ನ ಹೆಸರು ನಿನ್ನ ಜೊತೇಲೇ ಮುಗಿದ್ಹೋಗುತ್ತಲ್ಲ!"

"ಮುಗೀಲಿ ಬಿಡಿ. ದಿಯಮಾಂತೊ ಅಂದ ಕೂಡ್ಲೇ ಈ ಊರೋರ ಬಾಯಿಗೆ 'ಹೊತ್ಕೊಂಡ್ ಬಾ' ಅಂತ ಬರುತ್ತೆ. ಅಭ್ಯಾಸ ಆಗೋಗಿದೆ. ಏನೂ ಅರೀದ ಮಗೂಗೆ ಅದನ್ಯಾಕೆ ಹೊರಿಸ್ಬೇಕು?"

ನಾನು ಬಾಯಿ ತೆರೆದೇ ಕೂತಿದ್ದೆ, ಯಾಕೆಂದರೆ ಆಗಷ್ಟೇ ಇಬ್ಬರು ನೆಂಟರು ಬಂದು ನಿಂತಿದ್ದರು, "ದಿಯಮಾಂತೊ ಚಿಕ್ಕಮ್ಮ, ಒಳಗಿಂದ ಬೆಂಚು ಹೊತ್ಕೊಂಡ್ ಬಾ" ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು, ಎದ್ದು ಹೋಗಿ ನಾನೇ ಬೆಂಚು ಹೊತ್ತು ತಂದೆ.